ಹಳ್ಳದಾಚೆಯ ಓಣಿ

ಬಸ್ಸು ಕುಂಭಾರಿ ದಾಟುವವರೆಗೂ ಸಾತಪ್ಪ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದೇ ಕೂತಿದ್ದ. ಚೀಲದಲ್ಲಿ ಭಾರವೇನೂ ಇರಲಿಲ್ಲ. ಹಿರಾಬಾಯಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಹಳೇ ಧೋತರದ ತುಂಡಿನಲ್ಲಿ ಸುತ್ತಿದ, ಮಗ್ಗದ ಒಂದು ಲಾಳಿ. ವಿಲಾಯತಿ ಲಾಳಿ. ಎರಡು ವರ್ಷ ಅದು ಮನೆಯ ಟ್ರಂಕಿನಲ್ಲಿ ಹಿರಾಬಾಯಿಯ ಮದುವೆಯ ಸೀರೆಯ ಕೆಳಗೆ ಮಲಗಿತ್ತು. ಇವತ್ತು ಬೆಳಿಗ್ಗೆ ತೆಗೆದಾಗ ಕಟ್ಟಿಗೆಯ ಮೈ ತಣ್ಣಗೆ ಇತ್ತು. ಈಗ ಬಿಸಿಲಿಗೋ ಕೈಯ ಕಾವಿಗೋ ಬೆಚ್ಚಗಾಗಿ, ಬಸ್ಸು ಕುಲುಕಿದಾಗಲೆಲ್ಲ ಅದರ ಕಬ್ಬಿಣದ ಮೂತಿ ತೊಡೆಗೆ ಚುಚ್ಚುತ್ತಿತ್ತು. ಚುಚ್ಚಿದಾಗಲೆಲ್ಲ ಅವನು ಅಕ್ಕಲಕೋಟೆಯಲ್ಲಿ ಗಿರಣಿಯ ಮೇಸ್ತ್ರಿ ಜಾಬರನ ಮುಂದೆ ಆಡಬೇಕಾದ ಮಾತನ್ನು ಮತ್ತೆ ಮೊದಲಿನಿಂದ ಜೋಡಿಸಿಕೊಳ್ಳುತ್ತಿದ್ದ. ಜಾಬರ್ರೆ, ನಿಮ್ಮ ಖಾತೆದಾಗ ಜಾಗಾ ಖಾಲಿ ಆಗ್ಯಾವಂತ. ಇಲ್ಲ, ಹಾಗೆ ಶುರು ಮಾಡಿದರೆ ಬೇಡಿದಂತೆ ಆಗುತ್ತದೆ. ಮೊದಲು ಲಾಳಿ ತೋರಿಸಬೇಕು. ಲಾಳಿ ನೋಡಿದರೆ ಅವರೇ ಕೇಳುತ್ತಾರೆ. ಕೇಳದಿದ್ದರೆ? ಕಂಡಕ್ಟರ್ “ಪುಢೇ ಸರಕಾ, ಪುಢೇ ಸರಕಾ” ಎಂದು ಜನರನ್ನು ಒಳಗೆ ದಬ್ಬುತ್ತಿದ್ದ. ಪಕ್ಕಕ್ಕೆ ಬಂದು ಕೂತ ಹೆಣ್ಣುಮಗಳೊಬ್ಬಳು ತನ್ನ ಬುಟ್ಟಿ ಇಡಲು ಜಾಗ ನೋಡುತ್ತ, “ಆ ಚೀಲಾ ಕೆಳಗ ಇಡ್ರಿ ಅಣ್ಣಾರ, ಎದ್ದು ಓಡಿ ಹೋಗೂದಿಲ್ಲ ಅದು,” ಎಂದಳು. ಅವನು ನಕ್ಕ. ಚೀಲ ಕೆಳಗಿಡಲಿಲ್ಲ.

ಸೋಲಾಪುರದ ಗಿರಣಿಯಲ್ಲಿ ಅವನು ರಿಂಗ್ ಖಾತೆಯವನು. ಹತ್ತಿ ಎಳೆಯಾಗಿ, ಎಳೆ ಗಟ್ಟಿಯಾಗುವುದು ಅಲ್ಲಿ. ಆ ನೂಲು ಗೋಡೆಯಾಚೆಯ ನೇಯ್ಗೆ ಖಾತೆಗೆ ಹೋಗುತ್ತದೆ, ನೂಲಿನ ಹಿಂದೆ ಅವನು ಹೋಗುವಂತಿಲ್ಲ. ಹೋಗಬಾರದು ಎಂದು ಎಲ್ಲಿಯೂ ಬೋರ್ಡು ಹಾಕಿಲ್ಲ. ಆದರೆ ಲಾಳಿಯ ಪಕ್ಕೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ನೂಲು ಸುತ್ತಿದ ಕಂಡಿಕೆ ಕೂಡಿಸಿ, ನೂಲಿನ ತುದಿಯನ್ನು ಆ ತೂತಿನ ಒಳಗಡೆ ಹಿಡಿದು, ಹೊರಗಡೆಯಿಂದ ತುಟಿ ಹಚ್ಚಿ ಉಸಿರು ಎಳೆದರೆ ಎಳೆ ಸುರ್ ಎಂದು ಬಾಯಿಗೆ ಬರುತ್ತದೆ. ಕಂಡಿಕೆ ಮುಗಿದಾಗಲೆಲ್ಲ ಹಾಗೆ ಎಳೆಯಬೇಕು. ಹಗಲು ಪಾಳಿಯವನು ಬಾಯಿ ಹಚ್ಚಿದ ಲಾಳಿಗೇ ರಾತ್ರಿ ಪಾಳಿಯವನು ಬಾಯಿ ಹಚ್ಚಬೇಕು. ಹೊಲಗೇರಿಯವನ ಬಾಯಿ ಹತ್ತಿದ ಲಾಳಿಗೆ ಬೇರೆಯವರು ಹೇಗೆ ಬಾಯಿ ಹಚ್ಚಿಯಾರು? ಅವನ ಅಪ್ಪನ ಕಾಲದಿಂದ ಗೋಡೆಯ ಬಾಗಿಲನ್ನು ಹಿಡಿದು ನಿಂತದ್ದು ಇಷ್ಟೇ, ಎಳ್ಳು ಹಿಡಿಯುವಷ್ಟು ಒಂದು ತೂತು. ಮುಟ್ಟು-ಮೈಲಿಗೆ ಸಲ್ಲದೆಂದು ಸರಕಾರ ಕಾನೂನು ಮಾಡಿತು. ಹೋದ ವರ್ಷ ದಸರೆಗೆ ಸಾತಪ್ಪನೂ ಹಿರಾಬಾಯಿಯೂ ನಾಗಪುರಕ್ಕೆ ಹೋಗಿ ಬಿಳಿ ಬಟ್ಟೆ ಉಟ್ಟು ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು. ಗೋಡೆಯ ಮೇಲಿನ ದೇವರುಗಳನ್ನು ಊರಿನ ಬೋರಿ ಹೊಳೆಗೆ ಬಿಟ್ಟರು. ತೂತು ಇದ್ದಲ್ಲೇ ಇತ್ತು. ಈಗ ನೇಯ್ಗೆಯಲ್ಲಿ ಜಾಗ ಖಾಲಿ ಆಗಿವೆ. ಕೆಲಸಗಾರರ ಸಂಘದ ಸೆಕ್ರೆಟರಿ ಮೆಲ್ಲಗೆ ಹೇಳಿದ್ದರು: “ನಾ ಭಾಷಣಾ ಮಾಡಿದ್ರ ನೇಯ್ಗಿ ಮಾಸ್ತರ ಕೇಳೂದಿಲ್ಲ, ಸಾತಪ್ಪ. ಕಲ್ಯಾಣಪ್ಪ ಜಾಬರ ಒಂದು ಮಾತು ಅಂದ್ರ ಖಾತೆ ಎಲ್ಲಾ ಸುಮ್ನ ಆಗತೈತಿ. ವಿಲಾಯತಿಗೆ ಜೋಡಿ ಹೋಗಿ ಬಂದವ್ರು ನೀವು. ಸೂಟಿ ದಿವಸ ಅಂವ ಅಕ್ಕಲಕೋಟಿ ಮನ್ಯಾಗ ಇರತಾನ, ಹೋಗಿ ಕೇಳು.”

ಜೋಡಿ ಹೋಗಿ ಬಂದವರು. ಆ ಮಾತು ಅವನ ಕಿವಿಯಲ್ಲಿ ಹಲವು ದಿನ ಉಳಿಯಿತು. ಎರಡು ವರ್ಷದ ಹಿಂದೆ ವಿಲಾಯತಿಯ ಗಿರಣಿ ಕೆಲಸಗಾರರು ಇಲ್ಲಿಯವರನ್ನು ಕರೆಸಿಕೊಂಡಿದ್ದರು, ನೋಡಿ ಹೋಗಿ ಎಂದು. ಸೆಕ್ರೆಟರಿ, ನೇಯ್ಗೆಯಿಂದ ಕಲ್ಯಾಣಪ್ಪ, ರಿಂಗಿನಿಂದ ಅವನು. ಹಡಗಿನಲ್ಲಿ ಕಲ್ಯಾಣಪ್ಪನಿಗೆ ಸಮುದ್ರ ಹಿಡಿಸಲಿಲ್ಲ. ವಾಂತಿ ಮಾಡಿಕೊಂಡು ಬಿದ್ದಿದ್ದವನ ತಲೆ ಹಿಡಿದವನು ಸಾತಪ್ಪ, ನೀರು ಕುಡಿಸಿದವನು ಸಾತಪ್ಪ. “ಜಾಬರ್ರೆ, ಸ್ವಲ್ಪ ಎದ್ದು ಕೂಡ್ರಿ,” ಅಂದರೆ, ಮುಚ್ಚಿದ ಕಣ್ಣಿನಲ್ಲೇ, “ಇಲ್ಲಿ ಯಾವ ಜಾಬರೋ ಮಾರಾಯ, ಕಲ್ಯಾಣಪ್ಪ ಅನ್ನು ಸಾಕು,” ಎಂದಿದ್ದ. ಮೊದಲ ಸಲ ಹಾಗೆ ಕರೆಯುವಾಗ ಸಾತಪ್ಪನ ನಾಲಿಗೆ ತಡವರಿಸಿತು. ಆಮೇಲೆ ರೂಢಿಯಾಯಿತು. ಒಂದೇ ಕೋಣೆಯಲ್ಲಿ ಮಲಗಿದರು, ಒಂದೇ ಕೆಟಲಿನ ಚಹಾ ಕುಡಿದರು, ಅಲ್ಲಿನ ಸಪ್ಪೆ ಆಲೂಗಡ್ಡೆಗೆ ಇಬ್ಬರೂ ಕೂಡಿ ಹಿಂಡಿ ಕಲಸಿಕೊಂಡು ತಿಂದರು. ತಿರುಗಿ ಬಂದಾಗ ಸೋಲಾಪುರ ಸ್ಟೇಶನ್ನಿನಲ್ಲಿ ಹಾರ ಹಿಡಿದ ಜನ ನಿಂತಿದ್ದರು. ಗಾಡಿ ನಿಲ್ಲುವ ಮೊದಲೇ ಕಲ್ಯಾಣಪ್ಪ ಬೇರೆ ಬಾಗಿಲಿಗೆ ನಡೆದು ಹೋಗಿ ಅಲ್ಲಿಂದ ಇಳಿದ. ಜನ ಜಾಸ್ತಿ ಇದ್ದರು, ಈ ಬಾಗಿಲಲ್ಲಿ ಗದ್ದಲವಿತ್ತು, ಅದಕ್ಕೇ ಇರಬೇಕು ಎಂದು ಸಾತಪ್ಪ ತನಗೆ ತಾನೇ ಹೇಳಿಕೊಂಡ. ಪ್ಲಾಟ್‌ಫಾರ್ಮಿನ ಮೇಲೆ ಎದುರಾದಾಗ, “ಬರತೀನ್ರಿ ಜಾಬರ್ರೆ,” ಎಂದ. ಯಾರೂ ಹೇಳಿಕೊಡದೆ ಮಾತು ತಾನಾಗಿ ಹಿಂದಕ್ಕೆ ಹೋಗಿತ್ತು.

ವಳಸಂಗದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ ನೇಕಾರರ ಓಣಿಯೊಂದರಿಂದ ಮಗ್ಗದ ಸದ್ದು ಬರುತ್ತಿತ್ತು. ಸದ್ದು ಕೇಳಿದ ಕೂಡಲೇ ಅವನಿಗೆ ಸದ್ದೇ ಇಲ್ಲದ ವಿಲಾಯತಿಯ ಆ ಓಣಿ ನೆನಪಾಯಿತು. ಅದೂ ಒಂದು ರವಿವಾರ. ಗಿರಣಿಗಳನ್ನು ನೋಡಿ ನೋಡಿ ಸಾಕಾಗಿದ್ದವರನ್ನು ಅಲ್ಲಿಯವರು ಬಸ್ಸಿನಲ್ಲಿ ಕೂಡಿಸಿಕೊಂಡು ದೂರದ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಹಳೇ ಕಾಲದ ಓಣಿ, ನೋಡಲು ಬಹಳ ಚಂದ, ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ ಎಂದು ಸೆಕ್ರೆಟರಿ ತಿಳಿಸಿ ಹೇಳಿದರು. ಊರಿನ ನಡುವೆ ಅವರ ದೇವರ ಗುಡಿ, ದೊಡ್ಡ ಮನೆಗಳು, ಅಂಗಡಿ. ಊರಿನ ಅಂಚಿಗೆ ಒಂದು ಹಳ್ಳ. ನೀರು ಎಷ್ಟು ತಿಳಿ ಎಂದರೆ ತಳದ ಹುಲ್ಲು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಒರಗಿದ್ದು ಕಾಣುತ್ತಿತ್ತು. ಹಳ್ಳಕ್ಕೆ ಒಬ್ಬರೇ ದಾಟುವಂಥ ಕಲ್ಲಿನ ಸಣ್ಣ ಸೇತುವೆ. ಸೇತುವೆಯ ಆಚೆ, ಊರಿಗೆ ಬೆನ್ನು ಮಾಡಿದಂತೆ, ಒಂದೇ ಸಾಲು ಮನೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ಹತ್ತಿಕೊಂಡಿತ್ತು. ಕಲ್ಲಿನ ಸೂರು ಇಳಿಜಾರಾಗಿ ಕಿವಿಯವರೆಗೆ ಇಳಿದಿತ್ತು. ಬಾಗಿಲುಗಳು ಎಷ್ಟು ಗಿಡ್ಡ ಎಂದರೆ ಒಳಗೆ ಹೋಗುವವನು ಸೊಂಟ ಬಗ್ಗಿಸಲೇಬೇಕು. ಸಾತಪ್ಪ ಸೇತುವೆಯ ಮೇಲೆ ನಿಂತುಬಿಟ್ಟ. ತನ್ನ ಊರು ಕೂರನೂರಿನಲ್ಲಿ ಬೋರಿ ಹೊಳೆಗೆ ಕೂಡುವ ಹಳ್ಳದ ಆಚೆ ಅವನ ಕೇರಿ ಇರುವುದು ಹೀಗೆಯೇ. ಊರಿನಿಂದ ಬೇರೆ, ನೀರಿನಿಂದ ಆಚೆ, ಗೋಡೆಗೆ ಗೋಡೆ, ಗಿಡ್ಡ ಬಾಗಿಲು. ನಮ್ಮ ಮಂದಿ ಇಲ್ಲಿಯೂ ಇದ್ದಾರೆ! ಎದೆಯೊಳಗೆ ಏನೋ ಬಿಚ್ಚಿಕೊಂಡಿತು. ಆ ದೇಶಕ್ಕೆ ಕಾಲಿಟ್ಟಂದಿನಿಂದ ಎಲ್ಲಿ ನಿಲ್ಲಬೇಕು, ಯಾವ ಕುರ್ಚಿಯ ಮೇಲೆ ಕೂಡಬೇಕು ಎಂದು ಬಿಗಿಹಿಡಿದಿದ್ದ ಮೈ ಸಡಿಲಾಯಿತು. ಅವನ ಕೇರಿಯ ಮುಂದೆ ಹೂವು ಬೆಳೆಸಿದ್ದರು. ಅವನ ಕೇರಿಯನ್ನು ನೋಡಲು ಜನ ಟಿಕೇಟು ತೆಗೆದು ಬರುತ್ತಿದ್ದರು. ಒಬ್ಬ ದೊರೆಸಾನಿ ಮೊಣಕಾಲೂರಿ ಕೂತು ಒಂದು ಗಿಡ್ಡ ಬಾಗಿಲಿನ ಫೋಟೋ ತೆಗೆಯುತ್ತಿದ್ದಳು.

“ಕಲ್ಯಾಣಪ್ಪ,” ಎಂದು ಅವನು ಖುಷಿಯಿಂದ ಕರೆದ, “ಇದು ನಮ್ಮ ಕೇರಿ ನೋಡು!”

ಕಲ್ಯಾಣಪ್ಪ ತಿರುಗಿ ಅವನ ಮುಖ ನೋಡಿದ. “ಏನ ಕೇರಿ?”

“ಹಳ್ಳದ ಆಚೀಕಡೆ ಐತಲ್ಲ. ಬಾಗಲಾ ನೋಡು. ನಮ್ಮವರವ.”

ಕಲ್ಯಾಣಪ್ಪನಿಗೆ ನಗು ತಡೆಯಲಾಗಲಿಲ್ಲ. ಸೆಕ್ರೆಟರಿಯನ್ನು ಕರೆದು, “ಕೇಳ್ರಿ ಸಾಹೇಬ್ರ, ಸಾತಪ್ಪ ಇಂಗ್ಲಂಡದಾಗ ಹೊಲಗೇರಿ ಹುಡುಕ್ಯಾನ,” ಎಂದ. ಸೆಕ್ರೆಟರಿಯೂ ನಕ್ಕು, ಇಲ್ಲಿ ಹಾಗೆಲ್ಲ ಇಲ್ಲ ಸಾತಪ್ಪ, ಇವು ನೇಕಾರರ ಮನೆಗಳು, ಕೆಲವು ನೂರು ವರ್ಷದ ಹಿಂದೆ ಇಲ್ಲಿ ಮಗ್ಗ ಇದ್ದವು, ನೇಯ್ದ ಬಟ್ಟೆಯನ್ನು ಎದುರಿನ ಹುಲ್ಲುಗಾವಲಿನಲ್ಲಿ ಒಣಹಾಕುತ್ತಿದ್ದರು ಎಂದು ತಿಳಿಸಿದರು. “ನೇಕಾರ್ರಂದ್ರ ನಮ್ಮವರಾದ್ರು,” ಎಂದ ಕಲ್ಯಾಣಪ್ಪ. ಅವನ ಮಾತಿನಲ್ಲಿ ಕೇಡು ಇರಲಿಲ್ಲ. ಬಸ್ಸಿನಲ್ಲಿ ಖಾಲಿ ಜಾಗ ಕಂಡು ಟವಲು ಹಾಕಿದ ಹಾಗೆ ಅಂದ ಅಷ್ಟೇ. ಸಾತಪ್ಪನಿಗೆ ಮುಖ ಬಿಸಿಯಾಯಿತು. ಮನಸ್ಸು ಮಾತ್ರ ಒಳಗೇ ಉತ್ತರ ಕೊಡುತ್ತಿತ್ತು. ನನ್ನ ಅಪ್ಪ ಸೈದಪ್ಪನೂ ನೇಯುತ್ತಿದ್ದ. ಕೂರನೂರಿನ ಗುಡಿಸಲಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ದಪ್ಪ ಪಾಸೋಡಿ ನೇಯುತ್ತಿದ್ದ. ಚಳಿಗಾಲದಲ್ಲಿ ಊರಿನ ಒಕ್ಕಲಿಗರೆಲ್ಲ ಅವನ್ನೇ ಹೊದೆಯುತ್ತಿದ್ದರು. ಕೇರಿಯ ಬಾಯಿಗೆ ಬಂದು, ದೂರ ನಿಂತು, ಮಡಿಸಿ ನೆಲಕ್ಕಿಟ್ಟ ಪಾಸೋಡಿಯ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುತ್ತಿದ್ದರು. ಅಪ್ಪನ ಬಾಯಿಯ ಎಂಜಲು ಆ ಪಾಸೋಡಿಯ ಒಂದೊಂದು ಎಳೆಯಲ್ಲೂ ಇತ್ತು. ಅದನ್ನು ಕೊರಳವರೆಗೆ ಎಳೆದುಕೊಂಡು ಊರು ಮಲಗುತ್ತಿತ್ತು. ಇದನ್ನೆಲ್ಲ ಅವನು ಸೇತುವೆಯ ಮೇಲೆ ಹೇಳಲಿಲ್ಲ. ಸಾಲಿನ ಕೊನೆಯವರೆಗೆ ನಡೆದು ಹೋದ. ಎಲ್ಲಿಯೂ ಮಗ್ಗದ ಸದ್ದಿಲ್ಲ. ಒಲೆಯ ಹೊಗೆಯಿಲ್ಲ, ಗಂಜಿಯ ವಾಸನೆಯಿಲ್ಲ, ಬಾಗಿಲಲ್ಲಿ ಜಗಳವಿಲ್ಲ. ನೀರಿನ ಮೇಲೆ ಬಾತುಗಳು. ಚಂದವೇ ಚಂದ. ನೇಯುವವರು ಎಲ್ಲಿ ಹೋದರು ಎಂದು ಕೇಳಬೇಕೆನಿಸಿತು. ಅವರು ಇದ್ದಾಗ ಯಾರಾದರೂ ಈ ಓಣಿಯನ್ನು ನೋಡಲು ಬಂದಿದ್ದರೇ ಎಂದೂ ಕೇಳಬೇಕೆನಿಸಿತು. ಅಷ್ಟು ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ.

ಅಕ್ಕಲಕೋಟೆಯ ನಿಲ್ದಾಣದಲ್ಲಿ ಇಳಿದು ಕೇಳುತ್ತ ಹೋದ. ಕಲ್ಯಾಣಪ್ಪ ಜಾಬರನ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ‘ವಿಲಾಯತಿ ಕಲ್ಯಾಣಪ್ಪನ ಮನಿ ಏನು?’ ಎಂದು ಒಬ್ಬ ಮರುಪ್ರಶ್ನೆ ಹಾಕಿ ಕೈ ತೋರಿಸಿದ. ನೇಕಾರರ ಓಣಿ. ಎರಡೂ ಕಡೆ ಮಗ್ಗ ಬಡಿಯುತ್ತಿತ್ತು, ಗಂಜಿ ಹಚ್ಚಿದ ನೂಲನ್ನು ಬೀದಿಯುದ್ದಕ್ಕೂ ಚಾಚಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳು ಬಾಚುತ್ತಿದ್ದರು. ಅವನು ನೂಲಿಗೆ ಮೈ ತಾಗದಂತೆ ಗೋಡೆಗೆ ಒತ್ತಿಕೊಂಡು ನಡೆದ. ನಡೆದಾದ ಮೇಲೆ, ಯಾಕೆ ಹಾಗೆ ಒತ್ತಿಕೊಂಡೆ, ನೂಲು ಕೆಡಬಾರದೆಂದೋ, ನನ್ನ ಅಂಗಿ ಕೆಡಬಾರದೆಂದೋ, ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು. ಕಲ್ಯಾಣಪ್ಪ ಕಟ್ಟೆಯ ಮೇಲೆ ಬನಿಯನ್ ಹಾಕಿಕೊಂಡು, ನೆರೆಮನೆಯ ಶಾಂತಪ್ಪನ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಸಾತಪ್ಪನನ್ನು ಕಂಡು ಅವನ ಮುಖ ಅರಳಿತು. ಅರಳಿದ್ದು ಸುಳ್ಳಲ್ಲ. ಎದ್ದು ಎರಡು ಹೆಜ್ಜೆ ಬಂದ. ಅಲ್ಲಿ ನಿಂತ.

“ಏನೋ ಸಾತಪ್ಪ, ಹಾದಿ ತಪ್ಪಿ ಬಂದಿ?”

“ಇಲ್ರಿ ಜಾಬರ್ರೆ, ನಿಮ್ಮ ಕಡೀನ ಬಂದೀನ್ರಿ.”

“ಬಾ, ಬಾ. ಕೂಡು.” ಕೂಡು ಎನ್ನುತ್ತ ಅವನ ಕಣ್ಣು ಕಟ್ಟೆಯನ್ನು, ಕಟ್ಟೆಯ ಕೆಳಗಿನ ಮೆಟ್ಟಿಲನ್ನು, ಒಳಗಿನ ಬಾಗಿಲನ್ನು ಒಂದು ಸುತ್ತು ಹಾಕಿ ಬಂದಿತು. ಸಾತಪ್ಪ ಅವನಿಗೆ ತೊಂದರೆ ಕೊಡಲಿಲ್ಲ. ಮೆಟ್ಟಿಲ ಮೇಲೆ ಕೂತ. ಕೂತ ಮೇಲೆ ಕಲ್ಯಾಣಪ್ಪನ ಮೈ ಹಗುರಾದದ್ದು ಕಂಡಿತು. ತನ್ನ ಮೈಯೂ ಹಗುರಾಯಿತಲ್ಲ ಎಂದು ಸಾತಪ್ಪನಿಗೆ ತನ್ನ ಮೇಲೇ ಸಿಟ್ಟು ಬಂದಿತು.

ಒಳಗಿನಿಂದ ಕಲ್ಯಾಣಪ್ಪನ ತಾಯಿ ಗುರುಲಿಂಗಮ್ಮ ಬಗ್ಗಿ ನೋಡಿದಳು. “ಯಾರಪಾ ಅಂವಾ?”

“ನಮ್ಮ ಗಿರಣಿ ಸಾತಪ್ಪ, ಯವ್ವಾ. ವಿಲಾಯತಿಗೆ ಜೋಡಿ ಹೋಗಿದ್ವಲ್ಲ. ಹಡಗದಾಗ ನನ್ನ ಜೀವಾ ಉಳಿಸಿದಂವ.”

“ಹೌದೇನ ತಮ್ಮಾ? ಛಲೋ ಆತು,” ಎಂದು ಮುದುಕಿ ಪ್ರೀತಿಯಿಂದ ಅಂದು ಚಹಾಕ್ಕೆ ಹೋದಳು. ಬರುವಾಗ ಮಗನಿಗೂ ಶಾಂತಪ್ಪನಿಗೂ ಹಿತ್ತಾಳೆಯ ಬಟ್ಟಲಲ್ಲಿ ತಂದಳು. ಆಮೇಲೆ ಕಟ್ಟೆಯ ಪಕ್ಕದ ಗೋಡೆಗೂಡಿನಿಂದ, ಕಿವಿ ಮುರಿದ ಒಂದು ಚೀನೀ ಕಪ್ಪು ತೆಗೆದು, ಮೆಟ್ಟಿಲ ಮೇಲಿಟ್ಟು, ಮೇಲಿನಿಂದ ಸುರಿದಳು. “ಬಿಸಿ ಐತಿ, ನಿದಾನಕ್ಕ ಕುಡಿಯಪಾ,” ಎಂದಳು. ಗೂಡು ಮನೆಯ ಹೊರಗಿತ್ತು, ಬಾಗಿಲ ಆಚೆ. ಕಪ್ಪಿನ ಒಳಗೆ ಧೂಳಿನ ಒಂದು ಗೆರೆ ಚಹಾದ ಜೊತೆ ಮೇಲೆ ಬಂದು ತಿರುಗಿತು. ಕಲ್ಯಾಣಪ್ಪ ಬೀದಿಯ ನೂಲಿನ ಕಡೆ ನೋಡುತ್ತಿದ್ದ.

“ಇವಗ ಕೇಳು ಶಾಂತಪ್ಪ, ನಾ ಹೇಳಿದ ಓಣಿ ಖರೇನೋ ಸುಳ್ಳೋ ಅಂತ,” ಎಂದ ಕಲ್ಯಾಣಪ್ಪ, ಮಾತು ಸಿಕ್ಕ ಸಮಾಧಾನದಲ್ಲಿ. “ಈ ಶಾಂತಪ್ಪ ನಾ ಏನ್ ಹೇಳಿದ್ರೂ ಸುಳ್ಳಂತಾನ. ಹೇಳು ಸಾತಪ್ಪ, ಕಲ್ಲಿನ ಮನಿ ಸಾಲು, ಮುಂದ ಹಳ್ಳ, ನೀರಾಗ ಬಾತು. ಒಂದು ಕಸಾ ಇರಲಿಲ್ಲ. ಹೌದಿಲ್ಲೊ?”

“ಹೌದ್ರಿ.”

“ಎಷ್ಟು ಚಂದ!”

“ಚಂದ ಇತ್ತರಿ.”

“ನೇಕಾರ್ರ ಓಣಿ ಅಂತಿ, ಕಸಾ ಇಲ್ಲಂತಿ,” ಎಂದ ಶಾಂತಪ್ಪ. “ಅವ್ರು ನೇಯತಿದ್ರೋ ಪೂಜಾ ಮಾಡತಿದ್ರೋ?”

“ಕೇಳೋ ಇಲ್ಲಿ! ಒಂದು ಮನ್ಯಾಗ ಹಳೀ ಮಗ್ಗ ಇಟ್ಟಿದ್ರು. ಕಾಯಾಕ ಒಬ್ಬಾಕಿ ಮುದಕಿ. ಇವ್ರು ಇಂಡಿಯಾದ ನೇಕಾರ್ರು ಅಂತ ನಮ್ಮ ಸೆಕ್ರೆಟರಿ ಹೇಳಿದ್ದ ತಡಾ, ಲಾಳಿ ನನ್ನ ಕೈಯಾಗ ಕೊಟ್ಟಳು. ಒಂದ ಉಸರ ಎಳದೆ ನೋಡು. ಸುರ್! ಎಳಿ ಬಾಯಾಗ. ಮುದಕಿ ಚಪ್ಪಾಳಿ ಹೊಡದ್ಳು.”

ಸಾತಪ್ಪ ಚಹಾದ ಕಪ್ಪು ಕೆಳಗಿಟ್ಟ. ಆ ಮಗ್ಗದ ಮನೆಯ ಮುದುಕಿ ಲಾಳಿಯನ್ನು ಮೊದಲು ಕಲ್ಯಾಣಪ್ಪನ ಕೈಯಲ್ಲಿ ಕೊಟ್ಟಿರಲಿಲ್ಲ. ಮುಂದೆ ನಿಂತಿದ್ದವನು ಸಾತಪ್ಪ. ಗಿಡ್ಡ ಬಾಗಿಲಿನಲ್ಲಿ ತಲೆ ತಾಗಿಸಿಕೊಳ್ಳದೆ ಒಳಗೆ ಹೋದವನು ಅವನೊಬ್ಬನೇ. ಬಗ್ಗುವುದು ಅವನ ಮೈಗೆ ಗೊತ್ತಿತ್ತು. ಒಳಗೆ ಕತ್ತಲು, ಒಂದೇ ಕಿಟಕಿ, ಕಿಟಕಿಯ ಬೆಳಕಿಗೆ ಮಗ್ಗ. ಅಪ್ಪ ಮಗ್ಗವನ್ನು ಇಟ್ಟುಕೊಂಡಿದ್ದೂ ಹಾಗೆಯೇ, ಇದ್ದ ಒಂದು ಬೆಳಕಿಗೆ. ಮುದುಕಿ ತನ್ನ ಬಾಯಿ ತೋರಿಸಿ ಏನೋ ಹೇಳಿದಳು. ಲಾಳಿ ಎಳೆದು ಎಳೆದು ಅವಳ ತಾಯಿಯ ಮುಂದಿನ ಹಲ್ಲು ಹೋಗಿದ್ದವಂತೆ, ಈಗ ತಮ್ಮ ಗಿರಣಿಗಳಲ್ಲಿ ಬಾಯಿ ಹಚ್ಚುವ ಲಾಳಿಯನ್ನು ಸರಕಾರ ನಿಲ್ಲಿಸಿದೆಯಂತೆ ಎಂದು ಸೆಕ್ರೆಟರಿ ತಿಳಿಸಿದರು. ಆಮೇಲೆ ಮುದುಕಿ ನಗುತ್ತ ಲಾಳಿಯನ್ನು ಅವನ ಮುಂದೆ ಚಾಚಿದಳು. ಅವನ ಬದುಕಿನಲ್ಲಿ ಹೊರಗಿನವರು ಯಾರೂ ಲಾಳಿಯನ್ನು ಅವನ ಕಡೆ ಚಾಚಿರಲಿಲ್ಲ. ಅಪ್ಪ ಸತ್ತ ಮೇಲೆ ಅವನ ತುಟಿಗೆ ಲಾಳಿ ತಾಗಿರಲಿಲ್ಲ. ತೂತಿಗೆ ತುಟಿ ಹಚ್ಚಿ ಎಳೆದ. ಎಳೆ ನಾಲಿಗೆಯ ಮೇಲೆ ಬಂದು ಕೂತಿತು, ಒಣ ಒಣವಾಗಿ, ಅಷ್ಟು ಹಗುರಾಗಿ. ಕಣ್ಣಿನಲ್ಲಿ ನೀರು ಬಂದಿತು. ಮುದುಕಿ ಚಪ್ಪಾಳೆ ಹೊಡೆದದ್ದು ಆಗ. ನಂತರ ಅವಳು ಎಳೆಯನ್ನು ಬಿಡಿಸಿ, ಅದೇ ಲಾಳಿಯನ್ನು ಕಲ್ಯಾಣಪ್ಪನ ಕಡೆ ಚಾಚಿದಳು. ಕಲ್ಯಾಣಪ್ಪ ಲಾಳಿ ನೋಡಿದ. ಸೆಕ್ರೆಟರಿ ನೋಡುತ್ತಿದ್ದರು, ಮುದುಕಿ ನೋಡುತ್ತಿದ್ದಳು, ಬಾಗಿಲಲ್ಲಿ ಫೋಟೋದ ಜನ ನೋಡುತ್ತಿದ್ದರು. ಕಲ್ಯಾಣಪ್ಪ ತುಟಿ ಹಚ್ಚಿದ. ಎಳೆದ. ಆ ಗಳಿಗೆಯಲ್ಲಿ ಸಾತಪ್ಪನಿಗೆ, ಹಡಗಿನಲ್ಲಿ ಕಾಣದ ದಂಡೆ ಈಗ ಕಂಡಂತೆ ಆಗಿತ್ತು. ಇನ್ನೇನು ಉಳಿಯಿತು, ಎಲ್ಲ ಆಗಿಹೋಯಿತಲ್ಲ ಎನಿಸಿತ್ತು.

ಹೊರಗೆ ಬಂದಾಗ ಕಲ್ಯಾಣಪ್ಪ ಜೊತೆಯಲ್ಲಿ ಇರಲಿಲ್ಲ. ಸಾಲಿನ ಕೊನೆಗೆ, ಹಳ್ಳದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾಯಿ ಮುಕ್ಕಳಿಸುತ್ತಿದ್ದ. ಬೊಗಸೆಯಲ್ಲಿ ನೀರು ತುಂಬಿ, ಗಂಟಲಿನವರೆಗೆ ತೆಗೆದುಕೊಂಡು ಉಗುಳುತ್ತಿದ್ದ. ಮತ್ತೆ ತುಂಬುತ್ತಿದ್ದ. ಬಾತುಗಳು ಹೆದರಿ ಆಚೆ ಹೋದವು. ಬೆರಳಿನಿಂದ ತುಟಿ ತಿಕ್ಕಿದ. ಸಾತಪ್ಪ ತಿರುಗಿ ಹೋಗಬಹುದಿತ್ತು. ತಿರುಗುವಷ್ಟರಲ್ಲಿ ಕಲ್ಯಾಣಪ್ಪ ಹಿಂದೆ ನೋಡಿದ. ಗಲ್ಲದಿಂದ ನೀರು ಇಳಿಯುತ್ತಿತ್ತು. ಅಷ್ಟು ನಾಚಿಕೆಯನ್ನು ಸಾತಪ್ಪ ದೊಡ್ಡ ಮನುಷ್ಯನ ಮುಖದಲ್ಲಿ ಕಂಡಿರಲಿಲ್ಲ. ನೋಡಲಾಗಲಿಲ್ಲ. ಆ ಮುಖವನ್ನು ಅಲ್ಲಿಂದ ಬಿಡಿಸಬೇಕು, ಅಷ್ಟೇ ಅವನಿಗೆ ಹೊಳೆದದ್ದು. “ಎಣ್ಣಿ ಬಾಳ ಕಮಟಿತ್ತಲ್ಲ ಲಾಳಿಗೆ, ಕಲ್ಯಾಣಪ್ಪ,” ಎಂದುಬಿಟ್ಟ. “ನನ್ನ ಬಾಯೂ ಕೆಟ್ಟು ಹೋಗೇತಿ.” ಹೇಳಿ, ತಾನೂ ಪಕ್ಕದಲ್ಲಿ ಕೂತು, ಬೊಗಸೆ ತುಂಬಿ ಮುಕ್ಕಳಿಸಿದ. ಕಲ್ಯಾಣಪ್ಪ, “ಹೌದೋ ಮಾರಾಯ, ಎಲ್ಲೀ ಹಳೀ ಎಣ್ಣಿ,” ಎಂದ. ಇಬ್ಬರೂ ಜೊತೆಗೆ ಉಗುಳಿದರು. ಆ ಲಾಳಿಗೆ ಎಣ್ಣೆಯೇ ಇರಲಿಲ್ಲ. ಒಣ ಕಟ್ಟಿಗೆ, ಮೇಣದ ಸಣ್ಣ ವಾಸನೆ. ಅಪ್ಪ ಸತ್ತ ಮೇಲೆ ಮೊದಲ ಸಲ ಬಾಯಿಗೆ ಬಂದ ರುಚಿಯನ್ನು ಅವನು ಕೈಯಾರೆ ತೊಳೆದು ಹಳ್ಳಕ್ಕೆ ಬಿಟ್ಟಿದ್ದ.

“ಯಾಕೋ ಸಾತಪ್ಪ, ಸುಮ್ನ ಕೂತಿ? ಬಂದ ಕೆಲಸಾ ಹೇಳು,” ಎಂದ ಕಲ್ಯಾಣಪ್ಪ.

ಅವನು ಚೀಲದಿಂದ ಗಂಟು ತೆಗೆದು ಬಿಚ್ಚಿ, ಲಾಳಿಯನ್ನು ಕಟ್ಟೆಯ ಅಂಚಿಗಿಟ್ಟ. ವಿಲಾಯತಿಯಿಂದ ಬರುವ ಮುಂಚೆ ಅಲ್ಲಿನ ಗಿರಣಿಯ ಒಬ್ಬ ಮುದುಕ ಕೈ ಕುಲುಕಿ ಕೊಟ್ಟದ್ದು. ಪಕ್ಕೆಯಲ್ಲಿ ತೂತಿನ ಬದಲು ಒಂದು ಸೀಳು ಸಂದು. ಎಳೆಯನ್ನು ಬೆರಳಿನಿಂದ ಆ ಸಂದಿನಲ್ಲಿ ಎಳೆದರೆ ತಾನಾಗಿ ಒಳಗೆ ಹೋಗಿ ಕೂಡುತ್ತದೆ. ಕಲ್ಯಾಣಪ್ಪ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಕಸುಬುದಾರನ ಕಣ್ಣು ಹೊಳೆಯಿತು. ಒಳಗಿನಿಂದ ಒಂದು ಕಂಡಿಕೆ ತರಿಸಿ ಕೂಡಿಸಿದ, ಎಳೆದ, ಬಿಚ್ಚಿ ಮತ್ತೆ ಎಳೆದ. ಶಾಂತಪ್ಪನೂ ಒಮ್ಮೆ ಎಳೆದು ನೋಡಿ, “ಬಾಯಿಗೆ ಕೆಲಸನ ಇಲ್ಲ. ಎಲಿ ಅಡಿಕಿ ಹಾಕ್ಕೊಂಡ ನೇಯಬೌದಲೋ!” ಎಂದ. ಆಗ ಸಾತಪ್ಪ ಕೇಳಿದ. ಬಸ್ಸಿನಲ್ಲಿ ಜೋಡಿಸಿದ ಯಾವ ಮಾತೂ ಬರಲಿಲ್ಲ. “ನೇಯ್ಗಿ ಖಾತೆದಾಗ ನನಗ ಒಂದು ಜಾಗಾ ಬೇಕರಿ. ನಮ್ಮಪ್ಪ ನೇಯತಿದ್ದ,” ಎಂದಷ್ಟೇ ಎಂದ.

ಕಲ್ಯಾಣಪ್ಪ ಲಾಳಿಯ ಸಂದಿನ ಮೇಲೆ ಹೆಬ್ಬೆರಳು ಆಡಿಸಿದ. ತಲೆ ಎತ್ತಿದಾಗ ಮುಖದಲ್ಲಿ ಏನೋ ಗಂಟು ಬಿಚ್ಚಿದ ಖುಷಿ ಇತ್ತು. “ಆತು ತಗೋ! ಇದನ್ನ ಮಾಸ್ತರಿಗೆ ತೋರಸ್ತೀನಿ. ಇಂಥಾವು ಒಂದೆರಡು ನಿನ್ನ ಮಗ್ಗಕ್ಕ ಮಾಡಿಸಿದ್ರಾತು. ನಿನ್ನ ಲಾಳಿ ನಿನಗ. ಬಾಯಿ ಹಚ್ಚೂ ಪ್ರಶ್ನೆನ ಇಲ್ಲ. ಆಮ್ಯಾಲ ಯಾವ ಮಗ ಮಾತಾಡತಾನ ನೋಡತೀನಿ. ನಾ ನಿಂತು ಹೇಳತೀನಿ ಸಾತಪ್ಪ, ನಿನ್ನ ಉಪಕಾರ ನಾ ಮರತಿಲ್ಲ.”

ಸಿಕ್ಕಿತು. ಇದನ್ನೇ ಕೇಳಲು ಬಂದದ್ದು, ಇದೇ ಮಾತಿಗೆ, ಇದೇ ಲಾಳಿ ಹಿಡಿದು. ಕಲ್ಯಾಣಪ್ಪ ಕೊಟ್ಟ ಮಾತು ಉಳಿಸಿಕೊಳ್ಳುವವನು. ಮುಂದಿನ ತಿಂಗಳಿಗೆ ಸಾತಪ್ಪ ಗೋಡೆಯಾಚೆ ಮಗ್ಗದ ಮುಂದೆ ನಿಂತಿರುತ್ತಾನೆ. ಹಿರಾಬಾಯಿ ಕೇರಿಗೆಲ್ಲ ಬೆಲ್ಲ ಹಂಚುತ್ತಾಳೆ. ಸಂತೋಷ ಬರಲಿ ಎಂದು ಅವನು ಕಾದ. ಬರಲಿಲ್ಲ. ಬಾಯಿ ಒಣಗಿತ್ತು. ತನಗೇ ತಿಳಿಯದೆ, ರೂಢಿಯಂತೆ, ಕಿವಿ ಮುರಿದ ಕಪ್ಪನ್ನು ಎತ್ತಿಕೊಂಡು ಮೆಟ್ಟಿಲ ಬದಿಯ ಕಲ್ಲಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಅದನ್ನು ತೊಳೆದು ಗೂಡಿನಲ್ಲಿಡಬೇಕಾದವನು ಅವನೇ. ಗುರುಲಿಂಗಮ್ಮ ತಂಬಿಗೆ ಹಿಡಿದು ಬಂದು, ಮೇಲಿನಿಂದ, ತಂಬಿಗೆ ಅವನ ಕೈಗೆ ತಾಗದಂತೆ, ನೀರು ಬಿಟ್ಟಳು. ನೀರು ಕಪ್ಪಿನ ಒಳಗೆ ಬಿದ್ದು, ಬೆರಳಿನ ಸಂದಿಯಿಂದ ಇಳಿದು, ಕಲ್ಲಿನ ಮೇಲೆ ಹರಿಯಿತು. ಅವನ ಬೆರಳು ತನ್ನ ತುಟಿ ತಾಗಿದ ಅಂಚನ್ನು ತಿಕ್ಕುತ್ತಿತ್ತು. ತಿಕ್ಕುತ್ತಲೇ ಇತ್ತು. ಅದೇ ಕೂಡುವ ರೀತಿ, ಅದೇ ನೀರಿನ ಸದ್ದು. ಆವತ್ತೂ ನಾನು ಹೀಗೆ ಅವನ ಪಕ್ಕದಲ್ಲಿ ಕೂತೆ. ಅವನು ತೊಳೆದದ್ದು ನನ್ನ ಬಾಯಿ. ನಾನೂ ಕೂತು ತೊಳೆದೆ. ಈಗ ನನ್ನ ಬಾಯಿ ಬೇಡದ ಲಾಳಿಯನ್ನು, ಸಮುದ್ರ ದಾಟಿಸಿ, ಹೆಂಡತಿಯ ಸೀರೆಯ ಕೆಳಗಿಟ್ಟು ಕಾಪಾಡಿ, ನಾನೇ ತಂದುಕೊಟ್ಟಿದ್ದೇನೆ.

ಅವನು ಕೈ ನಿಲ್ಲಿಸಿದ. “ಸಾಕ್ರಿ ಯವ್ವಾ,” ಎಂದ. ಎದ್ದು ಬಂದು, ಕಪ್ಪನ್ನು ಗೂಡಿನಲ್ಲಿ ಇಡದೆ, ಕಟ್ಟೆಯ ಮೇಲೆ ಕಲ್ಯಾಣಪ್ಪನ ಹಿತ್ತಾಳೆ ಬಟ್ಟಲಿನ ಪಕ್ಕದಲ್ಲಿ ಇಟ್ಟ. ಕಪ್ಪಿನ ತಳದಿಂದ ನೀರು ಇಳಿದು ಬಟ್ಟಲಿನ ಸುತ್ತ ಹರಡಿತು.

“ಕಲ್ಯಾಣಪ್ಪ,” ಎಂದ.

ಎರಡು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಬಂದಿತ್ತು. ಕಲ್ಯಾಣಪ್ಪ ಬೆಚ್ಚಿದ. ಶಾಂತಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದ.

“ಆವತ್ತ ಲಾಳಿಗೆ ಎಣ್ಣಿ ಇರಲಿಲ್ಲ.”

ಬೀದಿಯಲ್ಲಿ ಹೆಣ್ಣುಮಕ್ಕಳು ನೂಲು ಬಾಚುವ ಸದ್ದು ಕೇಳುತ್ತಿತ್ತು. “ಯಾವ ಎಣ್ಣಿನಪಾ?” ಎಂದು ಗುರುಲಿಂಗಮ್ಮ ಮಗನನ್ನು ಕೇಳಿದಳು.

“ಸುಳ್ಳ ಹೇಳಿದ್ದೆ,” ಎಂದ ಸಾತಪ್ಪ. ದನಿ ಏರಲಿಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳುವವನಂತೆ ಹೇಳಿದ. “ಮೊದಲು ನಾ ಎಳದೆ, ಆಮ್ಯಾಲ ನೀ ಎಳದಿ. ಹಂಗ ಇತ್ತು ಅದು. ಶಾಂತಪ್ಪನವರಿಗೆ ಓಣಿ ಸುದ್ದಿ ಹೇಳೂಮುಂದ ಅದನೂ ಕೂಡಿಸಿ ಹೇಳು. ಮಾಸ್ತರಿಗೂ ಹೇಳು. ಗಿರಣಿ ಲಾಳಿ, ಎಲ್ಲಾರೂ ಬಾಯಿ ಹಚ್ಚೂ ಲಾಳಿ, ಅದ ಮಗ್ಗ ಬೇಕು ನನಗ. ಕೊಡತಿದ್ರ ಅದನ್ನ ಕೊಡ್ರಿ.”

ಕಲ್ಯಾಣಪ್ಪನ ಬಲಗೈ ತಾನಾಗಿ ಮೇಲೆ ಬಂದಿತು. ಬೆರಳುಗಳು ತುಟಿಯನ್ನು ಒಮ್ಮೆ ಒರೆಸಿದವು. ಒರೆಸಿದ ಮೇಲೆ ಅವನಿಗೆ ಗೊತ್ತಾಯಿತು. ಕೈ ಗಾಳಿಯಲ್ಲೇ ನಿಂತಿತು, ಇಳಿಸಲೂ ಆಗದೆ, ಇಟ್ಟುಕೊಳ್ಳಲೂ ಆಗದೆ. ಸಾತಪ್ಪ ಈ ಸಲ ಅವನ ಮುಖವನ್ನು ಪೂರ್ತಿ ನೋಡಿದ. ಆ ನಾಚಿಕೆಗೆ ಒಂದು ಮಾತಿನ ಹೊದಿಕೆ ಹಾಕಬೇಕೆಂದು ಎದೆ ಹಳೇ ರೂಢಿಯಂತೆ ಮುಂದೆ ಬಂದಿತು. ತಡೆದುಕೊಂಡ. ತಡೆದುಕೊಳ್ಳುವುದು ಬಹಳ ಕಷ್ಟವಾಯಿತು.

ಚೀಲ ಹೆಗಲಿಗೆ ಹಾಕಿಕೊಂಡ. ಕಲ್ಯಾಣಪ್ಪನ ತೊಡೆಯ ಮೇಲೆ ಲಾಳಿ ಹಾಗೇ ಇತ್ತು. “ಇದನ್ನ ತಗೊಂಡ ಹೋಗಪಾ,” ಎಂದು ಗುರುಲಿಂಗಮ್ಮ ಕೂಗಿದಳು.

“ಅದು ಇಲ್ಲೇ ಇರಲಿ ಯವ್ವಾ. ಓಣಿ ನೋಡಿ ಬಂದ ನೆನಪಿಗೆ,” ಎಂದ.

ತಿರುಗಿ ಹೋಗುವಾಗ ಬೀದಿಯ ನೂಲು ಇನ್ನೂ ಚಾಚಿಯೇ ಇತ್ತು. ಅವನು ಗೋಡೆಗೆ ಒತ್ತಿಕೊಳ್ಳಲಿಲ್ಲ, ನೂಲಿನ ಪಕ್ಕದಲ್ಲೇ ನಡೆದ. ಹಸಿ ಗಂಜಿಯ ಹುಳಿ ವಾಸನೆ ಮೂಗಿಗೆ ಬಂದಿತು, ಅಪ್ಪನ ಕುಣಿಯ ವಾಸನೆ. ಬಸ್ಸಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ತೊಡೆಯ ಮೇಲೆ ಲಾಳಿ ಇಲ್ಲದ ಚೀಲ, ಬಿಗಿಹಿಡಿದು ಕಾಯುವಂಥದ್ದು ಏನೂ ಇಲ್ಲ. ಸೋಮವಾರ ರಿಂಗ್ ಖಾತೆಯ ಬಾಗಿಲು ಇರುತ್ತದೆ, ಅದರಾಚೆ ಗೋಡೆ ಇರುತ್ತದೆ. ಹಿರಾಬಾಯಿ ಏನಾಯಿತು ಎಂದು ಕೇಳುತ್ತಾಳೆ. ವಳಸಂಗ ಬಂದಿತು, ಮಗ್ಗದ ಸದ್ದು ಬಂದು ಹಿಂದೆ ಉಳಿಯಿತು. ಅವನು ಕಣ್ಣು ಮುಚ್ಚಿ, ತುಟಿ ಸಣ್ಣಗೆ ಮಾಡಿ, ಉಸಿರು ಎಳೆದ. ಸುರ್ ಎಂದಿತು. ಎದುರಿನ ಸೀಟಿನ ಮುದುಕ ತಿರುಗಿ ನೋಡಿ, “ಏನ ಕುಡ್ಯಾಕತ್ತೀರಿ, ಗಾಳಿ ಏನು?” ಎಂದು ನಕ್ಕ. ಬಾಯಿಗೆ ಬಂದದ್ದು ದಾರಿಯ ಧೂಳು, ಬಿಸಿಲು, ಎಲ್ಲಿಂದಲೋ ಹಾರಿ ಬಂದ ಹತ್ತಿಯ ಒಂದು ಎಸಳು. ಸಾತಪ್ಪ ಅದನ್ನು ಉಗುಳಲಿಲ್ಲ. ಸೋಲಾಪುರ ಬರುವವರೆಗೂ ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು ಕೂತ.